ಹಸಿರು ಗೆರೆ ಬಿದ್ದ ಅಮ್ಮನ ನಗು

ಅದು ಶುರುವಾದದ್ದು ಆಟಿ ತಿಂಗಳ ಒಂದು ಬುಧವಾರ, ಮಧ್ಯಾಹ್ನ ಊಟದ ಹೊತ್ತಿಗೆ. ಮೆಲ್ಕಾರಿನ ಫೋಟೋ ಸ್ಟುಡಿಯೋದಲ್ಲಿ ಕಾಂತಿ ಒಬ್ಬಳೇ ಇದ್ದಳು. ಬುತ್ತಿ ಬಿಚ್ಚುವ ಮೊದಲು ಮೇಲ್ ನೋಡುವ ಅಂತ ಕಂಪ್ಯೂಟರ್ ಮುಂದೆ ಕೂತಳು.

ಹೆಸರಿಲ್ಲದ ಒಂದು ಮೇಲ್. ಒಂದು ಅಕ್ಷರವೂ ಬರೆದಿರಲಿಲ್ಲ. ಒಂದು ಫೋಟೋ ಮಾತ್ರ.

ತೆರೆದಳು.

ಅಮ್ಮ! ಮದುವೆ ಚಪ್ಪರದ ಕೆಳಗೆ, ಬಾಯಿ ತುಂಬಾ ನಗುತ್ತಿದ್ದ ಅಮ್ಮ. ನಗುವಿನ ಮೇಲೆ ಒಂದು ಹಸಿರು ಗೆರೆ ಬಿದ್ದಿತ್ತು.

ಹೋದ ವರ್ಷ ತೀರಿಹೋದ ಅಮ್ಮನಿಗೆ ಎದುರಿನ ಹಲ್ಲೊಂದು ಇರಲಿಲ್ಲ. ಫೋಟೋ ಅಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಊರಲ್ಲಿ ತೀರಿಹೋದವರಿಗೆಲ್ಲ ಚಂದದ ಫೋಟೋ ಮಾಡಿಕೊಡುವ ಕಾಂತಿ, ತನ್ನ ಅಮ್ಮನಿಗೆ ಮಾತ್ರ ಆಧಾರ್ ಕಾರ್ಡಿನ ಹೆದರಿದ ಮುಖವನ್ನೇ ದೊಡ್ಡದು ಮಾಡಿ ಕಟ್ಟು ಹಾಕಿಸಿದ್ದಳು. ಅದನ್ನೇ ನೋಡಿ ನೋಡಿ, ಅಮ್ಮ ನಗುತ್ತಿದ್ದದ್ದು ಮರೆತುಹೋಗಿತ್ತು.

ಅಳು ಬರುವ ಮೊದಲು ಸಿಟ್ಟು ಬಂತು. ಸಿಟ್ಟಿನಲ್ಲೇ ಉತ್ತರ ಬರೆದಳು: ಯಾರು ನೀವು, ನಮ್ಮ ಅಮ್ಮನ ಫೋಟೋ ತೆಗೆದದ್ದು ಯಾಕೆ, ಇನ್ನು ನನಗೆ ಏನೂ ಕಳಿಸಬೇಡಿ. ಬರೆಯುತ್ತಾ ಬರೆಯುತ್ತಾ ಸಿಟ್ಟು ಕರಗಿತು. ಕೊನೆಗೆ ಬರೆದಳು: ಈ ನಗು ನನಗೆ ಮರೆತೇ ಹೋಗಿತ್ತು. ನೀವು ಯಾರೇ ಆಗಿರಿ, ಭಾನುವಾರ ಸ್ಟುಡಿಯೋಗೆ ಬನ್ನಿ. ಕಾಯುತ್ತೇನೆ.

ಭಾನುವಾರ ಯಾರೂ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ.

ಕಾಯುವುದು ಕಾಂತಿಗೆ ಹೊಸತಲ್ಲ. ಮದುವೆಗಳಲ್ಲಿ ಅಡುಗೆ ಮಾಡಿ ಬಡಿಸುವ ರಂಜಿತ್, ಅವಳನ್ನು ಕಟ್ಟಿಕೊಳ್ಳುತ್ತೇನೆ ಅಂತ ಮಾತು ಕೊಟ್ಟವನು, ಅಮ್ಮನ ಬೊಜ್ಜದ ದಿನ, ತೀರಿಹೋದ ಹದಿಮೂರನೇ ದಿನದ ಊಟಕ್ಕೆ, ಮುಖ ತೋರಿಸಿರಲಿಲ್ಲ. ಆವತ್ತೇ ಅವನ ನಂಬರ್ ಬ್ಲಾಕ್ ಮಾಡಿದ್ದಳು. ಆಮೇಲೆ ಎರಡು ಸಲ ಸ್ಟುಡಿಯೋಗೆ ಬಂದವನಿಗೆ ಬೆನ್ನು ಹಾಕಿ ಕೂತಿದ್ದಳು.

ಆಟಿ ಕಳೆದು ಸೋಣ ತಿಂಗಳು ಹುಟ್ಟಿ ಮೂರನೇ ದಿನ, ಸೋಮವಾರ ಬೆಳಿಗ್ಗೆ, ವಿಟ್ಲದ ಕಡೆಯವರೊಬ್ಬರು ಸ್ಕ್ಯಾನ್ ಮಾಡಿಸಿದ ಆಧಾರ್ ತಂದರು. ಅದರ ಮೇಲೆ ಕೂದಲಿನಷ್ಟು ಸಪೂರದ ಒಂದು ಹಸಿರು ಗೆರೆ. ಕಾಂತಿ ಅಮ್ಮನ ಫೋಟೋ ತೆರೆದು ನೋಡಿದಳು. ಅದೇ ಜಾಗ, ಅದೇ ಗೆರೆ! ಎರಡೂ ಒಂದೇ ಸ್ಕ್ಯಾನರಿನದು.

ಎಲ್ಲಿ ಮಾಡಿಸಿದ್ದು ಅಂತ ಕೇಳಿದಳು. ವಿಟ್ಲ ಬಸ್ ನಿಲ್ದಾಣದ ಹತ್ತಿರ ಜುಲೈಕಾನ ಜೆರಾಕ್ಸ್ ಅಂಗಡಿ ಅಂದರು. ಅರ್ಧ ದಿನ ರಜೆ ಹಾಕಿ ಬಸ್ ಹತ್ತಿದಳು.

ಜುಲೈಕಾ ಫೋಟೋ ನೋಡಿದಳು, ಅವಳನ್ನೂ ನೋಡಿದಳು.

“ಓ, ಆ ಸಿಟ್ಟಿನ ಹುಡುಗಿ ನೀನಾ? ನಿನ್ನ ಕಾಗದ ಓದಿ ನಮ್ಮ ರಂಜಿತ್ ಇದೇ ಬೆಂಚಿನಲ್ಲಿ ಅರ್ಧ ಗಂಟೆ ಕೂತಿದ್ದ ಮಾರಾಯ್ತಿ.”

ರಂಜಿತ್! ಫೋಟೋ ಕಳಿಸಿದ್ದು ಅವನೇ. ಹೆಸರು ಹಾಕಿದರೆ ಕಾಂತಿ ತೆರೆಯದೆ ಅಳಿಸುತ್ತಾಳೆ ಅಂತ ಜುಲೈಕಾನ ಹತ್ತಿರ ಹೇಳಿದ್ದನಂತೆ.

“ಅಕ್ಕಾ, ಅವರು ಪೂರ್ತಿ ಓದಿದ್ರಾ?”

“ಒಂದು ಹಾಳೆ ಕೊಟ್ಟೆ. ಅಷ್ಟೇ ಅಲ್ವಾ?”

ಅಲ್ಲಿಗೆ ಬರುವ ಹೆಚ್ಚಿನವರಿಗೆ ಸ್ವಂತ ಮೇಲ್ ಇಲ್ಲ. ಅಂಗಡಿಯ ಮೇಲ್‌ಗೆ ಬಂದದ್ದನ್ನು ಜುಲೈಕಾ ಪ್ರಿಂಟ್ ತೆಗೆದು ಇಡುತ್ತಾಳೆ. ಎರಡನೇ ಹಾಳೆಯಲ್ಲಿ ಯಾವಾಗಲೂ ಬೇಡದ್ದೇ ಬರುತ್ತದೆ ಅಂತ ಮೊದಲನೆಯದು ಮಾತ್ರ.

ಕಾಂತಿಯ ಸಿಟ್ಟೆಲ್ಲ ಮೊದಲ ಹಾಳೆಯಲ್ಲಿತ್ತು. ಬನ್ನಿ ಅಂದದ್ದು ಎರಡನೆಯದರಲ್ಲಿ.

ಜುಲೈಕಾ ಎರಡನೇ ಹಾಳೆ ಪ್ರಿಂಟ್ ತೆಗೆದು ಕೈಗೆ ಕೊಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು: ಆ ಕಾಗದ ಓದಿದ ಮರುದಿನವೇ ಅವನು ಮಸ್ಕತ್ತಿನ ಹೋಟೆಲಿನಲ್ಲಿ ಎರಡು ವರ್ಷದ ಕೆಲಸಕ್ಕೆ ಒಪ್ಪಿದ. ಗುರುವಾರ ವಿಮಾನ. ಇವತ್ತು ವಾಮದಪದವಿನಲ್ಲಿ ಕೊನೆಯ ಮದುವೆ ಊಟ.

ವಾಮದಪದವು ಮುಟ್ಟುವಾಗ ಮೂರು ಗಂಟೆ. ಸಭಾಂಗಣದ ಹಿಂದೆ ರಂಜಿತ್ ಕೊಪ್ಪರಿಗೆ ತೊಳೆಯುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

“ಬೊಜ್ಜಕ್ಕೆ ಯಾಕೆ ಬರಲಿಲ್ಲ?” ಕೇಳಬೇಕು ಅಂತ ಬಂದದ್ದು ಅದಲ್ಲ, ಬಾಯಿಗೆ ಬಂದದ್ದು ಅದು.

“ಬಂದಿದ್ದೆ. ಅಮ್ಮನ ಎಲೆಗೆ ಹಲಸಿನ ಹಣ್ಣಿನ ಗಟ್ಟಿ ಮಾಡಿದ್ದು ಯಾರು ಅಂತ ಎಣಿಸಿದ್ದೀ?”

ತೀರಿಹೋದವರಿಗೆ ಬಡಿಸುವ ಎಲೆಯಲ್ಲಿ ಆವತ್ತು ಅಮ್ಮನ ಇಷ್ಟದ ಗಟ್ಟಿ, ಆ ಸಿಹಿ ಕಡುಬು, ಇತ್ತು. ಯಾರು ಮಾಡಿದ್ದು ಅಂತ ಕಾಂತಿ ಕೇಳಿರಲೇ ಇಲ್ಲ. ಕೊನೆಯ ಹಂತಿಯವರು ಉಂಡು ಏಳುವವರೆಗೆ ಅಡುಗೆಯವನಿಗೆ ಒಲೆ ಬಿಡಲಿಕ್ಕಿಲ್ಲ. ಅವನು ಕೈ ತೊಳೆದು ಬರುವಾಗ ಅವಳು ಒಳಗೆ ಹೋಗಿ ಬಾಗಿಲು ಹಾಕಿದ್ದಳು.

“ಈ ಫೋಟೋ ಮೊದಲೇ ಕೊಡಬಹುದಿತ್ತು...”

“ಒಂದು ಮದುವೆಯಲ್ಲಿ ನಾನು ತೆಗೆದದ್ದು. ನಾನು ಇರುವಷ್ಟು ದಿನ ಯಾರಿಗೂ ತೋರಿಸಬೇಡ ಮಗಾ, ಹಲ್ಲಿಲ್ಲ ಅಂತ ಅಮ್ಮ ಅಂದಿದ್ದರು. ಹೋದ ಮೇಲೂ ಮನಸ್ಸಾಗಲಿಲ್ಲ. ವರ್ಷ ತುಂಬಲಿ ಅಂತ ಕಾದೆ.”

ಕಾಂತಿ ಹಾಳೆ ಚಾಚಿದಳು. ಅವನ ಒದ್ದೆ ಕೈಯಲ್ಲಿ ಅಕ್ಷರ ಹರಡತೊಡಗಿತು. ಎರಡು ಸಲ ಓದಿದ. ಹೋಗಬೇಡಿ ಅನ್ನಬೇಕು ಅಂತ ಅವಳಿಗೆ ಅನಿಸಿತು. ಕೊಟ್ಟ ಮಾತು ಬಿಡುವವನಲ್ಲ ಅಂತ ಈಗ ತಾನೇ ಗೊತ್ತಾಗಿತ್ತಲ್ಲ, ಮಸ್ಕತ್ತಿನವರಿಗೆ ಕೊಟ್ಟ ಮಾತನ್ನೂ ಬಿಡಲಾರ ಅಂತ ಅನ್ನಲಿಲ್ಲ.

“ಆ ಭಾನುವಾರ ದಾಟಿಹೋಯ್ತು, ಕಾಂತಿ.”

“ಎರಡು ವರ್ಷಕ್ಕೆ ನೂರು ಭಾನುವಾರ ಉಂಟು. ಬ್ಲಾಕ್ ತೆಗೆದಿದ್ದೇನೆ... ಫೋನ್ ಮಾಡಿ.”

“ಬರುವಾಗ ನಿನಗೆ ಏನು ತರಲಿ?”

“ಏನೂ ಬೇಡ. ಬಂದು ಒಮ್ಮೆ ಆ ಗಟ್ಟಿ ಮಾಡಿಕೊಡಿ. ಆವತ್ತು ನಾನು ತಿಂದಿರಲಿಲ್ಲ.”

ಮರುದಿನ ಮನೆಯ ಗೋಡೆಯಿಂದ ಆಧಾರ್ ಮುಖ ಇಳಿದು, ಅಮ್ಮನ ನಗು ಏರಿತು. ಹಸಿರು ಗೆರೆ ಅಳಿಸಲಿಕ್ಕೆ ಕಾಂತಿಗೆ ಒಂದು ನಿಮಿಷವೂ ಬೇಡ. ಅಳಿಸಲಿಲ್ಲ. ಅಪ್ಪ ಮುಂಡಪ್ಪ ತುಂಬಾ ಹೊತ್ತು ನೋಡಿ, ಇವಳು ಸುಮ್ಮನೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು ಅಂದರು.

ರಂಜಿತ್ ಬಜಪೆಯಿಂದ ವಿಮಾನ ಹತ್ತಿ ಹೋದದ್ದು ಸೋಣ ತಿಂಗಳ ಮೊದಲ ಗುರುವಾರ.