ಇರುಳಪ್ಪನ್ ನಳಿಗೆಯ ಒಡೆದ ಹಾಲು

ಮಂಗಳವಾರ ಮಧ್ಯಾಹ್ನ ಇರುಳಪ್ಪನ್ ಮೂಗಿಗೆ ಹಾಕಿದ್ದ ನಳಿಗೆ ಮತ್ತೆ ಕಟ್ಟಿಕೊಂಡಿತು. ದವಡೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಆತನ ಬಾಯಿಗೆ ಹನಿ ನೀರೂ ಸೋಕುವಂತಿರಲಿಲ್ಲ. ನಾವು ಕಲಸಿ ಕೊಡುವ ಹಾಲಿನಂಥ ಆಹಾರ ಆ ನಳಿಗೆಯಿಂದಲೇ ಹೊಟ್ಟೆ ಸೇರಬೇಕು. ಅದು ತಪ್ಪಿದರೆ ಗಾಯ ಕೂಡುವುದಿಲ್ಲ.

"ನೀರು ಹಾಯಿಸಿ ತೊಳೆದಿಲ್ಲ, ಅದಕ್ಕೇ ಹೀಗಾಗಿದೆ. ನಾಳೆಯಿಂದ ಪೊನ್ಮಣಿ ಕೆಲಸಕ್ಕೆ ಬರೋದು ಬೇಡ," ಎಂದರು ದೊಡ್ಡ ಡಾಕ್ಟರು.

ನರ್ಸ್ ಪೊನ್ಮಣಿ ಅಳುತ್ತಲೇ ನಮ್ಮ ಕೋಣೆಗೆ ಬಂದಳು. "ತಿಲಕಕ್ಕಾ, ನಾನು ಪ್ರತಿ ಸಲ ತೊಳೀತೀನಿ. ಮೀನಾಕ್ಷಿ ಆಣೆ."

ಮದುರೆಯ ಆ ಆಸ್ಪತ್ರೆಯಲ್ಲಿ ರೋಗಿಗಳ ಆಹಾರದ ಹೊಣೆ ತಿಲಕವತಿಯಕ್ಕನದು; ನಾನು ಅವರ ಸಹಾಯಕಿ. ಅಲ್ಲಿ ಏನೇ ಗೋಜಲಾದರೂ ಬಿಡಿಸುತ್ತಿದ್ದವರು ಅವರೇ. ತೆಗೆದಿಟ್ಟ ನಳಿಗೆಯನ್ನು ಹಿಂಡಿದರು. ಬಿಳಿ ಗರಣೆಗಳು ಉದುರಿದವು.

"ತೊಳೆಯದಿದ್ರೆ ಅಂಟಂಟಾಗಿ ಒಣಗುತ್ತೆ. ಇದು ಒಡೆದ ಹಾಲು ಕಣೇ. ಹಿಂದಿನ ಸಲ ಯಾವತ್ತು ಕಟ್ಟಿತ್ತು?"

"ಶುಕ್ರವಾರ. ಅದಕ್ಕೂ ಮುಂಚೆ ಮಂಗಳವಾರ."

ವಾರ್ಡಿನಲ್ಲಿ ಹೊಸ ನಳಿಗೆ ಹಾಕಿದ್ದರು. ದಿಂಬಿನ ಪಕ್ಕ ಮಾರಿಯಮ್ಮನ ಗುಡಿಯ ನಿಂಬೆಹಣ್ಣು. "ಮಂಗಳವಾರ, ಶುಕ್ರವಾರ ತರ್ತೀನಮ್ಮಾ. ದೃಷ್ಟಿ ತಾಗಬಾರ್ದಲ್ಲ," ಎಂದಳು ಹೆಂಡತಿ ಪೇಚ್ಚಿಯಮ್ಮ. ಬೆಳಿಗ್ಗೆ ತಂದ ಹಣ್ಣು ಆಗಲೇ ಬಾಡಿದಂತಿತ್ತು. ಅಕ್ಕ ಅದನ್ನು ಅಂಗೈಯಲ್ಲಿ ತೂಗಿ ನೋಡಿ ಇಟ್ಟರು.

ಆಹಾರದ ಹೊತ್ತಾಯಿತು. ಪೇಚ್ಚಿಯಮ್ಮ ಎಂದಿನಂತೆ ಗೋಡೆಗೆ ಮುಖ ಮಾಡಿದಳು. "ಮನೇಲಿ ನೀವೇ ಹಾಕ್ಕೋಬೇಕು ಅಣ್ಣಾ, ಕೈ ಪಳಗಲಿ," ಎಂದು ಪೊನ್ಮಣಿ ಸಿರಿಂಜನ್ನು ಇರುಳಪ್ಪನ್ ಕೈಗೇ ಕೊಟ್ಟಳು. ಬಸ್ ಸ್ಟ್ಯಾಂಡ್ ಬಳಿಯ ಹೋಟೆಲಿನಲ್ಲಿ ಎಲ್ಲರೂ 'ಮಾಸ್ಟರ್' ಎನ್ನುತ್ತಿದ್ದ, ಪರೋಟ ಬೀಸುತ್ತಿದ್ದ ಕೈ; ಸಿರಿಂಜನ್ನು ಸಲೀಸಾಗಿ ಎತ್ತಿ ಹಿಡಿಯಿತು.

ಸಂಜೆ ಅಕ್ಕ ಎಲ್ಲರನ್ನೂ ಹಾಸಿಗೆಯ ಸುತ್ತ ಸೇರಿಸಿದರು. ಬಟ್ಟಲಿನ ಆಹಾರಕ್ಕೆ ನಿಂಬೆ ಹಿಂಡಿದರು. ಅದು ಗರಣೆಗಟ್ಟಿತು.

"ನೋಡಿ ಡಾಕ್ಟ್ರೇ, ನಳಿಗೇಲಿದ್ದಿದ್ದೂ ಇದೇ. ಎಷ್ಟು ತೊಳೆದರೂ ಹುಳಿ ಬಿದ್ದರೆ ಹೀಗೇ. ಹುಳಿ ಈ ವಾರ್ಡಿಗೆ ಬರೋದು ಮಂಗಳವಾರ, ಶುಕ್ರವಾರ."

"ನಾನು ಮುಟ್ಟಿಲ್ಲ ತಾಯಿ," ಪೇಚ್ಚಿಯಮ್ಮನ ದನಿ ಒಡೆಯಿತು.

"ನೀವಲ್ಲ. ನಳಿಗೆ ಕಡೆ ನೋಡೋಕೇ ಆಗದವರು ಅದರೊಳಗೆ ರಸ ಬಿಡ್ತೀರಾ?" ಅಕ್ಕ ಗುಡಿಯ ಹಣ್ಣನ್ನು ತಿರುಗಿಸಿದರು. ದಿಂಬಿಗೆ ಒತ್ತಿದ್ದ ಬದಿಯಲ್ಲಿ ಉಗುರಿನಷ್ಟು ತೂತು. "ತೂತನ್ನ ದಿಂಬಿನ ಕಡೆ ಮುಚ್ಚಿಟ್ಟವರು ದಿಂಬಿನ ಮೇಲೆ ಮಲಗೋರೇ. ತೂತಿಂದ ರಸ ಎಳೆದು ನಳಿಗೆಗೆ ಬಿಡೋಕೆ ಸಿರಿಂಜು ಬೇಕು; ಅದನ್ನ ಹಿಡಿಯೋಕೆ ಪೊನ್ಮಣಿ ಕಲಿಸಿದ್ದೂ ಅವರಿಗೇ. ಅಲ್ವಾ ಅಣ್ಣಾ? ಸುಮ್ಮನಿದ್ರೆ ಈ ಹುಡುಗಿ ಅನ್ನ ಹೋಗುತ್ತೆ."

ಮಾತಾಡಲಾಗದ ಇರುಳಪ್ಪನ್ ಪಕ್ಕದಲ್ಲಿದ್ದ ಸ್ಲೇಟು ಎಳೆದುಕೊಂಡು ಬರೆದ: 'ನಾನೇ. ಅವಳನ್ನ ಕಳಿಸಬೇಡಿ.' ಒರೆಸಿ ಮತ್ತೆ ಬರೆದ: 'ಹುಳಿ ತೇಗು ಬರುತ್ತೆ. ಏನೋ ತಿಂದ ಹಾಗಾಗುತ್ತೆ.'

ಡಾಕ್ಟರು ಸ್ಲೇಟು ಓದಿ, "ತಪ್ಪು ನಂದು ಪೊನ್ಮಣಿ. ನಾಳೆ ಬಾಮ್ಮ," ಎಂದರು.

"ಒಂದು ಹೊಳ್ಳೆಯಲ್ಲಿ ನಳಿಗೆ ಇದ್ರೇನಂತೆ, ಇನ್ನೊಂದು ಖಾಲಿ ಇದೆಯಲ್ಲ ಮಾಸ್ಟರ್," ಎಂದು ಅಕ್ಕ ನಕ್ಕರು. ಹೊಸ ನಿಂಬೆಯ ಸಿಪ್ಪೆಯನ್ನು ಉಗುರಿನಿಂದ ಗೀರಿ ಆತನ ಮೂಗಿಗೆ ಹಿಡಿದರು. ಇರುಳಪ್ಪನ್ ಕಣ್ಣು ಮುಚ್ಚಿದ.

ಶುಕ್ರವಾರ ನಾನು ಆಹಾರ ಒಯ್ದಾಗ ಪೇಚ್ಚಿಯಮ್ಮ ಗೋಡೆ ಕಡೆ ತಿರುಗಿರಲಿಲ್ಲ. ಗಂಡ ಸಿರಿಂಜು ಎತ್ತಿ ಹಿಡಿದಿದ್ದ. ಅವಳು ಅವನ ಮೂಗಿನ ಬಳಿ ನಿಂಬೆಯ ಸಿಪ್ಪೆ ಗೀರುತ್ತಾ, "ಸಾಕಾ? ಇನ್ನೊಂಚೂರು ಬೇಕಾ?" ಎಂದು ಊಟ ಬಡಿಸುವಂತೆ ಕೇಳುತ್ತಿದ್ದಳು.