ಬಿಗಿಯಾದ ವೈರು

ಇದನ್ನು ಹೇಳಿದರೆ ನನ್ನ ಹೆಂಡತಿಯೇ ನಗುತ್ತಾಳೆ. ಅವಳ ತಂಗಿ ಮಾತ್ರ ನಗುವುದಿಲ್ಲ. ಅಂದು ನನ್ನ ಜೊತೆಗಿದ್ದವಳು ಅವಳೇ.

ಮುಚ್ಚಿಹೋದ ಮುದ್ರಣಾಲಯವೊಂದರ ನೆಲಮಾಳಿಗೆಯಲ್ಲಿ ಮಾರಾಟಕ್ಕಿದ್ದ ಯಂತ್ರಗಳ ಫೋಟೋ ತೆಗೆಯಬೇಕಿತ್ತು. ಹೊರಗೆ ಸುಡುವ ಮಧ್ಯಾಹ್ನ. ಒಳಗೆ ಯಂತ್ರದ ಆಕಾರ ಬಿಟ್ಟರೆ ಏನೂ ಕಾಣದ ಮಬ್ಬುಗತ್ತಲೆ. ಫ್ಲ್ಯಾಶ್ ಕ್ಯಾಮೆರಾದ ಮೇಲೇ ಇದ್ದರೆ ಚಿತ್ರ ಚಪ್ಪಟೆಯಾಗುತ್ತದೆ. ಅದಕ್ಕೇ ಎರಡನ್ನೂ ಸುರುಳಿ ವೈರಿನಿಂದ ಜೋಡಿಸಿ, ಫ್ಲ್ಯಾಶನ್ನು ನಾದಿನಿಯ ಕೈಗೆ ಕೊಟ್ಟು ಪಕ್ಕಕ್ಕೆ ನಿಲ್ಲಿಸುತ್ತೇನೆ. ಅವಳು ಅದನ್ನು ಎತ್ತಿ ಹಿಡಿದು ವೈರನ್ನು ಒಮ್ಮೆ ಜಗ್ಗಿದರೆ ನಾನು ಗುಂಡಿ ಒತ್ತಬೇಕು, ಅದು ನಮ್ಮ ರೂಢಿ.

ವೈರು ಜಗ್ಗಿತು, ಒತ್ತಿದೆ. ಮತ್ತೆ ಜಗ್ಗಿತು, ಒತ್ತಿದೆ. ಪ್ರತಿ ಸಲವೂ ಬೆಳಕು ಮಿಂಚಿತು. ಕೈಗೆ ತಾಗುತ್ತಿದ್ದ ವೈರು ತಣ್ಣಗೆ ಕೊರೆಯತೊಡಗಿತು. ಎಳೆತ ಬರಬರುತ್ತ ಮೇಲಿನಿಂದ, ಆಮೇಲೆ ನನ್ನ ಹೆಗಲ ಹಿಂದಿನಿಂದ ಬಂತು.

"ಯಾವುದರ ಮೇಲೆ ಹತ್ತಿದ್ದೀಯೇ? ಬಿದ್ದು ಕೈಕಾಲು ಮುರ್ಕೋಬೇಡ," ಎಂದು ಗದರಿದೆ. ಜಗ್ಗಿತು, ಒತ್ತಿದೆ.

ಅಷ್ಟರಲ್ಲಿ ನಾದಿನಿ ಮೊಬೈಲ್ ಬೆಳಕು ಹಿಡಿದು ಮೆಟ್ಟಿಲಿಳಿದು ಬಂದಳು. "ಯಾರ ಹತ್ರ ಮಾತಾಡ್ತಿದ್ದೀರಿ ಭಾವ? ಹೊಸ ಸೆಲ್ ತರ್ತೀನಿ ಅಂತ ಹೇಳೇ ಹೋದ್ನಲ್ಲ!"

ಫ್ಲ್ಯಾಶ್ ನನ್ನ ಕಾಲ ಬಳಿ ನೆಲದ ಮೇಲಿತ್ತು. ಮುಚ್ಚಳ ತೆರೆದಿತ್ತು, ಒಳಗೆ ಒಂದೂ ಸೆಲ್ ಇರಲಿಲ್ಲ. ಹಳೆಯವು ಅವಳ ಜೇಬಿನಲ್ಲಿದ್ದವು.

ಫೋಟೋಗಳೇನೋ ಚೆನ್ನಾಗಿಯೇ ಬಂದಿವೆ. ಕೊನೆಯದರಲ್ಲಿ ಮಾತ್ರ ಎದುರು ಗೋಡೆಯ ಮೇಲೆ ಕ್ಯಾಮೆರಾ ಹಿಡಿದ ನನ್ನ ನೆರಳಿದೆ. ವೈರಿನ ನೆರಳು ನನ್ನ ಹೆಗಲ ಮೇಲಿಂದ ಹಾದು ಹಿಂದಕ್ಕೆ ಹೋಗಿದೆ, ಬಿಗಿಯಾಗಿ.