ನಂದಿಸಿದ ಬೆಂಕಿಗೆ ಖಾನೆಯಿಲ್ಲ

೨೦೬೨ರ ಫೆಬ್ರವರಿಯ ಒಂದು ಮಂಗಳವಾರ ಬೆಳಿಗ್ಗೆ, ದೇಶದ ವಿಮಾರಂಗವು ಅತ್ಯಂತ ಗಂಭೀರವಾಗಿ ಪರಿಗಣಿಸಬೇಕಾದ ಘಟನೆಯೊಂದು ತುಮಕೂರಿನಲ್ಲಿ ನಡೆಯಿತು. ಕೆಂಪು ದಾರ ಕಟ್ಟಿದ ಬೀಗದ ಕೈಯೊಂದು ಕಾಂಪೌಂಡಿನ ಈಚೆಯಿಂದ ಆಚೆಗೆ ಹೋಯಿತು.

ಕೊಟ್ಟವರು ಸಿಂಚನಮ್ಮ; ಅರವತ್ತು ದಾಟಿದ, ನಿವೃತ್ತ ಲೈಬ್ರರಿಯನ್. ತೆಗೆದುಕೊಂಡವಳು ಪಕ್ಕದ ಮನೆಯ ಆಫ್ರೀನ್. ತಂಗಿಯ ಮಗಳ ಮದುವೆ, ಮೂರು ದಿನ, ಗಿಡಕ್ಕೆ ನೀರು. ಆ ಬೀದಿಯಲ್ಲಿ ಊರಿಗೆ ಹೊರಡುವುದೆಂದರೆ ಇಷ್ಟೇ.

ಬಾಗಿಲ ಮೇಲಿದ್ದ 'ಮುನ್ನರಿಕೆ' ಸಂಜೆಯೊಳಗೆ ಇದನ್ನು ಪತ್ತೆ ಹಚ್ಚಿತು. ಅಂಗೈಯಗಲದ ಆ ಪೆಟ್ಟಿಗೆ ಗೋಡೆಯೊಳಗಿನ ತಂತಿಯ ಬಿಸಿ, ನಲ್ಲಿಯ ಕೊಳವೆಯ ನಡುಕ, ನೆಲದ ಮೇಲಿನ ಹೆಜ್ಜೆಯ ಲಯ ಎಲ್ಲವನ್ನೂ ಗಮನಿಸಿ, ಮನೆಗೆ ಕೇಡಾಗುವ ಸಂಭವವನ್ನು ಒಂದು ಅಂಕವಾಗಿ ಹೇಳುತ್ತಿತ್ತು. ಅಂಕ ಏರಿದರೆ ವಿಮೆಯ ಕಂತೂ ಏರುತ್ತಿತ್ತು. ಕಾರಿನಲ್ಲಿ ಇಂಥದೇ ಇನ್ನೊಂದು ಪೆಟ್ಟಿಗೆ, ಅದರ ತಮ್ಮ, ಕೂತಿದ್ದ. ನಾಯಿ ಅಡ್ಡ ಬಂದು ಬ್ರೇಕು ಒತ್ತಿದರೆ ಅವನು ಬ್ರೇಕನ್ನು ಬರೆದುಕೊಳ್ಳುತ್ತಿದ್ದ, ನಾಯಿ ಬದುಕಿದ್ದನ್ನಲ್ಲ.

'ಅಪರಿಚಿತ ಹೆಜ್ಜೆ. ಅಪಾಯದ ಅಂಕ ಮೂವತ್ತೊಂದರಿಂದ ನಲವತ್ತನಾಲ್ಕಕ್ಕೆ,' ಎಂದು ಫೋನಿಗೆ ಸಂದೇಶ ಬಂತು.

"ನಿನಗೆ ಅಪರಿಚಿತ," ಎಂದು ಸಿಂಚನಮ್ಮ ಮದುವೆ ಮನೆಯಲ್ಲಿ ಫೋನನ್ನು ಚೀಲಕ್ಕೆ ಹಾಕಿಕೊಂಡರು.

ಮರುದಿನ ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಫ್ರಿಜ್ಜಿನ ಹಿಂದೆ ಬೆಂಕಿ ಹತ್ತಿತು. ಮುನ್ನರಿಕೆ ಅದೇ ಕ್ಷಣ ವಿಮಾ ಕಂಪನಿಗೆ ತಿಳಿಸಿತು. ಕಂಪನಿ ಅದೇ ಕ್ಷಣ ಸಿಂಚನಮ್ಮನಿಗೆ ಸಹಾನುಭೂತಿಯ ಸಂದೇಶ ಕಳಿಸಿತು. ಆಫ್ರೀನ್ ಹೊಗೆ ಕಂಡು ಬೀಗ ತೆಗೆದು, ಮೇನ್ ಸ್ವಿಚ್ ಇಳಿಸಿ, ಒದ್ದೆ ಗೋಣಿಚೀಲ ಹೊದಿಸಿ ಬೆಂಕಿ ನಂದಿಸಿದಳು. ಅಡುಗೆಮನೆ ಹೋಯಿತು. ಮನೆ ಉಳಿಯಿತು.

ಅಡುಗೆಮನೆಯನ್ನು ಮತ್ತೆ ಕಟ್ಟಿಸಲು ಪಿಂಚಣಿ ಸಾಲದು, ವಿಮೆಯೇ ಗತಿ. ಕ್ಲೇಮು ಫಾರಂನಲ್ಲಿ 'ಬೀಗದ ಕೈ ಯಾರ ಯಾರ ಬಳಿ ಇದೆ?' ಎಂಬ ಪ್ರಶ್ನೆಗೆ ಸಿಂಚನಮ್ಮ ಆಫ್ರೀನಳ ಹೆಸರನ್ನು ದುಂಡಗೆ ಬರೆದರು. ಇಂಥ ನೆರೆಯವಳಿದ್ದಾಳೆಂದು ತಿಳಿದರೆ ರಿಯಾಯಿತಿ ಕೊಟ್ಟರೂ ಕೊಟ್ಟಾರು ಎಂಬ ಆಸೆ. ಕ್ಲೇಮು ತಿರಸ್ಕೃತವಾಗಿ ಬಂತು.

ಮೇಲ್ಮನವಿಯ ದಿನ ಅವರು ಆಫ್ರೀನಳನ್ನೂ ಕರೆದುಕೊಂಡು ಕಂಪನಿಯ ಕಚೇರಿಗೆ ಹೋದರು. ಅಲ್ಲಿ ಒಬ್ಬ ಅಧಿಕಾರಿ, ಜೊತೆಗೆ ಮುನ್ನರಿಕೆಯನ್ನು ಕಂಡುಹಿಡಿದ ವಿಜ್ಞಾನಿ ಡಾ. ಚಿರಂತನ್ ಇದ್ದರು.

"ಬೀಗದ ಕೈ ಹೊರಗಿನವರ ಹತ್ರ ಇತ್ತು ಅಂದ್ರೆ ಮನೆ ತೆರೆದೇ ಇತ್ತು ಅಂತ ಲೆಕ್ಕ ಮೇಡಂ," ಎಂದರು ಅಧಿಕಾರಿ.

"ಅವಳ ಹತ್ರ ಇಲ್ದೇ ಹೋಗಿದ್ರೆ?"

"ಮನೆ ಪೂರ್ತಿ ಸುಟ್ಟುಹೋಗ್ತಿತ್ತು."

"ಆಗ?"

ಅಧಿಕಾರಿ ಪರದೆ ನೋಡಿದರು. "ಆಗ ಪೂರ್ತಿ ಕೊಡ್ತಿದ್ವಿ."

"ಹಂಗಾದ್ರೆ ನಾನು ಇವಳ ಮೇಲೆ ಕೇಸು ಹಾಕ್ಬೇಕು. ಎಷ್ಟು ನಷ್ಟ ಮಾಡಿಟ್ಟಿದಾಳೆ ನೋಡಿ."

"ಹಾಕಕ್ಕ," ಎಂದಳು ಆಫ್ರೀನ್. "ಗೋಣಿಚೀಲದ ದುಡ್ಡು ನಾನೂ ಕೇಳ್ತೀನಿ."

ಸಿಂಚನಮ್ಮ ವಿಜ್ಞಾನಿಯ ಕಡೆ ತಿರುಗಿದರು. "ನಿಮ್ಮನೆ ಬೀಗದ ಕೈ ಯಾರ ಹತ್ರ ಕೊಟ್ಟಿರ್ತೀರಾ ಸಾರ್?"

"ನಮ್ಮದು ಬೆರಳಚ್ಚಿನ ಬೀಗ ಅಮ್ಮ. ಯಾರ ಹತ್ರಾನೂ ಇಲ್ಲ."

"ಅಯ್ಯೋ ಪಾಪ," ಎಂದರು ಸಿಂಚನಮ್ಮ. ಕೊಂಕೇನೂ ಇರಲಿಲ್ಲ.

ಚಿರಂತನ್ ಕೆಮ್ಮಿದರು. "ಯಂತ್ರ ತಾನಾಗಿ ಏನೂ ಕಲಿಯಲ್ಲ. ೨೦೨೦ರಿಂದೀಚಿನ ಕ್ಲೇಮು ಫಾರಂಗಳನ್ನೆಲ್ಲ ಅದಕ್ಕೆ ಓದಿಸಿದೀವಿ. ಪಕ್ಕದ ಮನೇಲಿ ಕೊಟ್ಟ ಬೀಗದ ಕೈಯಿಂದ ಕಳ್ಳತನ ಆದದ್ದು ಅದರಲ್ಲಿದೆ."

"ಪಕ್ಕದ ಮನೆಯೋರು ಓಡಿಬಂದು ಬೆಂಕಿ ನಂದಿಸಿದ್ದು?"

"ನಂದಿದ್ರೆ ಸಾಮಾನ್ಯವಾಗಿ ಯಾರೂ ಕ್ಲೇಮು ಹಾಕಲ್ವಲ್ಲ. ಫಾರಂ ಇಲ್ಲ. ಫಾರಂ ಇಲ್ಲದ್ದು ಯಂತ್ರದ ಮಟ್ಟಿಗೆ ನಡೆದೇ ಇಲ್ಲ."

ತಾವಾಡಿದ ಮಾತು ಆಗ ತಾನೇ ಕಿವಿಗೆ ಬಿದ್ದವರಂತೆ ಅವರು ಅಧಿಕಾರಿಯ ಪರದೆಯ ಕಡೆ ನೋಡಿದರು. ಸಿಂಚನಮ್ಮ ಬಿಡಲಿಲ್ಲ.

"ಮೂವತ್ತು ವರ್ಷ ಲೈಬ್ರರಿ ನೋಡ್ಕೊಂಡೆ ಸಾರ್. ವಾಪಸು ಬಂದ ಪುಸ್ತಕ ಬರಕೊಳ್ದೆ ಕಳೆದದ್ದನ್ನಷ್ಟೇ ಬರೆದಿದ್ರೆ, ತುಮಕೂರಿನೋರೆಲ್ಲ ಕಳ್ಳರಾಗ್ತಿದ್ರು. 'ಬೆಂಕಿ ನಂದಿಸಿದ್ದು ಯಾರು' ಅಂತ ಒಂದು ಖಾನೆ ಸೇರಿಸೋಕೆ ಏನು ಕಷ್ಟ?"

"ಇವತ್ತೇ ಸೇರಿಸಬಹುದು. ಯಂತ್ರ ನಂಬೋ ಅಷ್ಟು ಫಾರಂ ಸೇರೋಕೆ ನಲವತ್ತು ವರ್ಷ ಬೇಕು," ಎಂದರು ಚಿರಂತನ್. "ಆಗಿನ ಕಾಲದಲ್ಲೇ, ೨೦೨೦ರ ಸುಮಾರಿಗೆ, ಫಾರಂ ರೂಪಿಸಿದೋರು ಯಾರಾದ್ರೂ ಇದನ್ನ ಕೇಳಿದ್ದಿದ್ರೆ ಆಗಿರೋದು."

ಮೇಲ್ಮನವಿಯೂ ಬಿದ್ದುಹೋಯಿತು. ಆ ವಾರವೇ ಬೀದಿಯ ಎಲ್ಲ ಫೋನುಗಳಿಗೂ ಸಲಹೆ ಬಂತು: ಬೀಗದ ಕೈ ಹಿಂಪಡೆಯಿರಿ, ಕಂತು ಇಳಿಸಿಕೊಳ್ಳಿ. ಜನ ಬೇರೇನೋ ನೆಪ ಹೇಳಿಕೊಂಡು, ಮುಖ ತಪ್ಪಿಸಿ, ತಮ್ಮ ತಮ್ಮ ಬೀಗದ ಕೈಗಳನ್ನು ವಾಪಸು ತಂದರು. ಸಿಂಚನಮ್ಮ ಮಾತ್ರ ತಮ್ಮದನ್ನು ವಾಪಸು ಕೇಳಲಿಲ್ಲ. ಅವರು ನಡುಮನೆಯ ಮೂಲೆಯಲ್ಲಿ ಒಲೆ ಇಟ್ಟುಕೊಂಡು, ಹೆಚ್ಚಿನ ಕಂತನ್ನೇ ಕಟ್ಟಿದರು.

ಏಪ್ರಿಲ್‌ನಲ್ಲಿ, ಮನೆಯವರು ಊರಿಗೆ ಹೋಗಿದ್ದಾಗ, ಒಂಬತ್ತನೇ ನಂಬರಿನ ಮನೆಗೆ ಬೆಂಕಿ ಬಿತ್ತು. ಬೀದಿಯವರೆಲ್ಲ ಬಕೆಟ್ ಹಿಡಿದು ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದರು. ಮನೆ ಪೂರ್ತಿ ಸುಟ್ಟಿತು. ಕ್ಲೇಮು ಪೂರ್ತಿ ಮಂಜೂರಾಯಿತು.